ಬಿಡುಗಡೆಯ ದಿನ, ಒಡೆಯರ ರಸೀದಿ

ಸರಕಾರಿ ರಜೆಗಳನ್ನು ನಾವು ಎಣಿಸುತ್ತೇವೆಯೇ ಹೊರತು ಓದುವುದಿಲ್ಲ. ಹೊಸ ವರ್ಷದ ಕ್ಯಾಲೆಂಡರ್ ಕೈಗೆ ಬಂದೊಡನೆ ಯಾವ ರಜೆ ಭಾನುವಾರ ಬಿದ್ದು ನಷ್ಟವಾಯಿತು, ಯಾವುದು ಸೋಮವಾರ ಬಂದು ಲಾಭವಾಯಿತು ಎಂದು ನೋಡಿ ಗೋಡೆಗೆ ತೂಗುಹಾಕುತ್ತೇವೆ. ಆದರೆ ಒಂದು ಊರಿನ ಆಡಳಿತ ಒಂದು ತಾರೀಖನ್ನು ಆರಿಸಿ, ಆ ದಿನ ಕಚೇರಿ, ಶಾಲೆಗಳ ಬಾಗಿಲು ಹಾಕಿ, ಇದನ್ನು ನೆನಪಿಡಿ ಎಂದು ಹೇಳಿದರೆ ಅದೂ ಒಂದು ಬರಹವೇ. ಆ ಬರಹಕ್ಕೂ ಒಬ್ಬ ನಾಯಕನಿರುತ್ತಾನೆ, ಹೇಳದೆ ಬಿಟ್ಟ ಪಾತ್ರಗಳಿರುತ್ತವೆ, ಮುಚ್ಚಿಟ್ಟ ಪುಟಗಳಿರುತ್ತವೆ. ಕಥೆ, ಕಾದಂಬರಿಗಳನ್ನು ವಿಮರ್ಶೆಗೆ ಒಡ್ಡುವ ನಾವು ರಜೆಗಳನ್ನೂ ಹಾಗೆಯೇ ಓದಬೇಕೆಂಬುದು ಈ ಬರಹದ ಉದ್ದೇಶ. ಅದಕ್ಕಾಗಿ ನಾವು ಆರಿಸಿಕೊಂಡದ್ದು ಅಮೆರಿಕದ ರಾಜಧಾನಿ ವಾಷಿಂಗ್ಟನ್ ನಗರದ ಒಂದು ರಜೆಯನ್ನು.

2005ರ ಜನವರಿಯಲ್ಲಿ ಆ ನಗರದ ಮೇಯರ್ ಆಂಟನಿ ವಿಲಿಯಮ್ಸ್ ಒಂದು ಮಸೂದೆಗೆ ಸಹಿ ಹಾಕಿದರು. ಅದರಂತೆ ಏಪ್ರಿಲ್ 16 ನಗರದ ಅಧಿಕೃತ ರಜಾದಿನವಾಯಿತು. ಹೆಸರು ವಿಮೋಚನಾ ದಿನ. 1862ರ ಅದೇ ತಾರೀಖಿನಂದು ಅಧ್ಯಕ್ಷ ಅಬ್ರಹಾಂ ಲಿಂಕನ್ ಅವರು ವಾಷಿಂಗ್ಟನ್ ಇರುವ ಕೊಲಂಬಿಯಾ ಜಿಲ್ಲೆಯಲ್ಲಿ ಗುಲಾಮಗಿರಿಯನ್ನು ಕೊನೆಗೊಳಿಸುವ ಕಾನೂನಿಗೆ ಸಹಿ ಮಾಡಿದ್ದರು. ಶಾಲೆಯ ಪುಸ್ತಕಗಳಲ್ಲಿ ನಾವು ಓದುವ ಲಿಂಕನ್‌ರ ಪ್ರಸಿದ್ಧ ವಿಮೋಚನಾ ಘೋಷಣೆ ಬಂದದ್ದು 1863ರ ಜನವರಿ 1ರಂದು, ಅಂದರೆ ಎಂಟೂವರೆ ತಿಂಗಳ ನಂತರ. ದೇಶದಾದ್ಯಂತ ಗುಲಾಮಗಿರಿಯನ್ನು ಅಳಿಸಿದ ಹದಿಮೂರನೇ ತಿದ್ದುಪಡಿಗೆ 1865ರ ಡಿಸೆಂಬರ್‌ವರೆಗೆ ಕಾಯಬೇಕಾಯಿತು. ಹೀಗಾಗಿ ಅಮೆರಿಕದ ಕೇಂದ್ರ ಸರಕಾರದ ಕೈಯಿಂದ ಮೊದಲು ಬಿಡುಗಡೆ ಪಡೆದವರು ಈ ನಗರದ ಸುಮಾರು 3,100 ಮಂದಿ.

ಇದೇ ಬಗೆಯ ಇನ್ನೊಂದು ದಿನ ಇಂದು ಜಗತ್ತಿಗೆ ಹೆಚ್ಚು ಪರಿಚಿತ. 1865ರ ಜೂನ್ 19ರಂದು ಟೆಕ್ಸಾಸ್‌ನ ಗ್ಯಾಲ್ವೆಸ್ಟನ್ ಬಂದರಿನಲ್ಲಿ ಜನರಲ್ ಗಾರ್ಡನ್ ಗ್ರೇಂಜರ್ ಬಿಡುಗಡೆಯ ಆದೇಶ ಹೊರಡಿಸಿದ. ಅದರ ನೆನಪಿನ ಜೂನ್‌ಟೀನ್ತ್ 1980ರಿಂದ ಟೆಕ್ಸಾಸ್ ರಾಜ್ಯದ ರಜೆಯಾಗಿ, 2021ರ ಜೂನ್ 17ರಂದು ಇಡೀ ದೇಶದ ರಜೆಯಾಯಿತು. ಲಿಂಕನ್ ಘೋಷಣೆ ಹೊರಟು ಎರಡೂವರೆ ವರ್ಷ ಕಳೆದ ಮೇಲೆ ಸುದ್ದಿ ಸೈನ್ಯದೊಡನೆ ಜನರ ಬಾಗಿಲಿಗೆ ಬಂದ ದಿನ ಅದು. ವಾಷಿಂಗ್ಟನ್‌ನದ್ದು ಸಹಿ ಬಿದ್ದ ದಿನ. ಸಹಿಯ ದಿನವನ್ನು ಹಬ್ಬ ಮಾಡುವವರು ಸಹಿ ಬಿದ್ದ ಆ ಕಾಗದವನ್ನೂ ಒಮ್ಮೆ ಓದಬೇಕಾಗುತ್ತದೆ.

ಕಾಗದದ ಹೆಸರಿನಲ್ಲೇ ವಿಷಯವಿದೆ. ಅದನ್ನು ಇತಿಹಾಸದಲ್ಲಿ ಪರಿಹಾರಸಹಿತ ವಿಮೋಚನಾ ಕಾನೂನು ಎಂದು ಕರೆಯುತ್ತಾರೆ. ಪರಿಹಾರ ಎಂದ ಕೂಡಲೇ ನಮ್ಮ ಮನಸ್ಸು ನೊಂದವರತ್ತ ಹೋಗುತ್ತದೆ. ತಲೆಮಾರುಗಳ ಕಾಲ ಕೂಲಿಯಿಲ್ಲದೆ ದುಡಿದವರಿಗೆ, ಮಕ್ಕಳನ್ನು ಮಾರಾಟದಲ್ಲಿ ಕಳೆದುಕೊಂಡ ತಾಯಂದಿರಿಗೆ ಏನೋ ಒಂದಿಷ್ಟು ಸಿಕ್ಕಿರಬೇಕು ಎಂದುಕೊಳ್ಳುತ್ತೇವೆ. ಹಾಗಾಗಲಿಲ್ಲ. ಪರಿಹಾರ ಸಿಕ್ಕಿದ್ದು ಒಡೆಯರಿಗೆ. ಬಿಡುಗಡೆಯಾಗುವ ಒಬ್ಬೊಬ್ಬರಿಗೆ ಸರಾಸರಿ 300 ಡಾಲರ್ ಮೀರದಂತೆ, ಸರಕಾರಕ್ಕೆ ನಿಷ್ಠೆಯ ಪ್ರಮಾಣ ಮಾಡಿದ ಯಜಮಾನರಿಗೆ ಹಂಚಲು ಹತ್ತು ಲಕ್ಷ ಡಾಲರ್ ತೆಗೆದಿಡಲಾಯಿತು. ಬಿಡುಗಡೆಯಾದವನಿಗೆ ಏನಾದರೂ ಬೇಕೆಂದಿದ್ದರೆ ಆತ ಹೈಟಿಗೋ ಲೈಬೀರಿಯಾಕ್ಕೋ ಹೊರಟುಹೋಗಲು ಒಪ್ಪಬೇಕಿತ್ತು. ಆಗ ಹೆಚ್ಚೆಂದರೆ 100 ಡಾಲರ್. ಹುಟ್ಟಿ ಬೆಳೆದ ಊರಲ್ಲೇ ಉಳಿಯುತ್ತೇನೆ ಎಂದವನಿಗೆ ಒಂದು ಸೆಂಟೂ ಇರಲಿಲ್ಲ. ನೀವು ಈ ನೆಲದವರಲ್ಲ, ಹೊರಡಿ ಎಂಬ ಮಾತನ್ನು ಕೇಳಿ ಬಲ್ಲವರಿಗೆ ಈ ಕಲಮಿನ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಣ ಹಂಚಲು ಮೂವರ ಆಯೋಗವೊಂದು ಕೂತಿತು. ಒಡೆಯರು ತೊಂಬತ್ತು ದಿನಗಳ ಒಳಗೆ ಅರ್ಜಿ ಹಾಕಬೇಕು. ಅರ್ಜಿಯಲ್ಲಿ ಗುಲಾಮನ ಹೆಸರು, ವಯಸ್ಸು, ಮೈಬಣ್ಣ, ಎತ್ತರ, ಆರೋಗ್ಯ, ಕಲಿತ ಕೆಲಸ, ಜೊತೆಗೆ ತಾನು ಕೇಳುವ ಬೆಲೆ ಬರೆಯಬೇಕು. ಒಡೆಯ ಅರ್ಜಿ ಹಾಕದೆ ಹೋದರೆ ಗುಲಾಮನೇ ಹಾಕಬಹುದೆಂದು ಅದೇ ವರ್ಷದ ಜುಲೈಯಲ್ಲಿ ಇನ್ನೊಂದು ಕಾನೂನು ಬಂತು. ಬೆಲೆ ಕಟ್ಟಲು ಆಯೋಗದವರು ಬಾಲ್ಟಿಮೋರ್‌ನಿಂದ ಒಬ್ಬ ಅನುಭವಿ ಗುಲಾಮ ವ್ಯಾಪಾರಿಯನ್ನೇ ಕರೆಸಿಕೊಂಡರು. ಕಸಾಯಿಯನ್ನು ಕರೆದು ಆಡಿನ ತೂಕ ಹೇಳಿಸಿದ ಹಾಗೆ! ಈ ಅರ್ಜಿಗಳು ಇಂದಿಗೂ ಅಮೆರಿಕದ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ನೆಬ್ರಾಸ್ಕಾ ವಿಶ್ವವಿದ್ಯಾಲಯದವರು ಅವನ್ನು ಅಕ್ಷರಕ್ಕಿಳಿಸಿ ಯಾರಾದರೂ ಓದುವಂತೆ ಮಾಡಿದ್ದಾರೆ. ಆ ದಿನದ ನಿಜವಾದ ಸಾಹಿತ್ಯ ಈ ಅರ್ಜಿಗಳೇ ಎಂದು ನಮಗೆ ತೋರುತ್ತದೆ. ಸ್ವಾತಂತ್ರ್ಯದ ದಸ್ತಾವೇಜು ಬೆಲೆಪಟ್ಟಿಯ ರೂಪದಲ್ಲಿದೆ. ಬಿಡುಗಡೆಯಾದ ಬಹುಪಾಲು ಜನರ ಬಗ್ಗೆ ನಮಗೆ ಉಳಿದಿರುವ ವರ್ಣನೆ ಅವರನ್ನು ಮಾರಾಟದ ಸರಕೆಂದು ನೋಡಿದವರ ಕೈಬರಹದಲ್ಲೇ ಇದೆ.

ಒಂದು ಅರ್ಜಿಯನ್ನು ಮಾತ್ರ ಇಲ್ಲಿ ತೆಗೆದು ನೋಡೋಣ. ಸಂಸತ್ ಭವನವಾದ ಕ್ಯಾಪಿಟಲ್‌ನ ಗುಮ್ಮಟದ ಮೇಲೆ ಹತ್ತೊಂಬತ್ತೂವರೆ ಅಡಿ ಎತ್ತರದ ಒಂದು ಕಂಚಿನ ಹೆಣ್ಣಿನ ಪ್ರತಿಮೆಯಿದೆ. ಅದರ ಹೆಸರು ಸ್ವಾತಂತ್ರ್ಯ. ಅದನ್ನು ಎರಕ ಹೊಯ್ದದ್ದು ಕ್ಲಾರ್ಕ್ ಮಿಲ್ಸ್ ಎಂಬಾತನ ಎರಕಶಾಲೆಯಲ್ಲಿ. ಆ ಎರಕಶಾಲೆಯಲ್ಲಿ ದುಡಿಯುತ್ತಿದ್ದ ಫಿಲಿಪ್ ರೀಡ್ ಮಿಲ್ಸ್‌ನ ಗುಲಾಮ. ಮಿಲ್ಸ್ ಅವನನ್ನು ಚಾರ್ಲ್ಸ್‌ಟನ್‌ನಲ್ಲಿ 1,200 ಡಾಲರ್ ಕೊಟ್ಟು ಕೊಂಡಿದ್ದ. ಪ್ರತಿಮೆಯ ಗಾರೆ ಅಚ್ಚಿನ ಬೆಸುಗೆಗಳು ಕಣ್ಣಿಗೆ ಕಾಣದಂತೆ ಮುಚ್ಚಿಹೋಗಿದ್ದಾಗ, ಅವೆಲ್ಲಿವೆ ಎಂದು ತೋರಿಸಲು ಇಟಲಿಯ ಕೆಲಸಗಾರನೊಬ್ಬ ಹೆಚ್ಚು ಕೂಲಿ ಕೇಳಿ ಪಟ್ಟುಹಿಡಿದನಂತೆ. ರೀಡ್ ರಾಟೆಗೆ ಹಗ್ಗ ಕಟ್ಟಿ ಅಚ್ಚನ್ನು ನಿಧಾನವಾಗಿ ಮೇಲೆತ್ತಿ, ಬೆಸುಗೆ ಬಿರಿದು ಕಾಣಿಸುವಂತೆ ಮಾಡಿದನೆಂದು ಮಿಲ್ಸ್‌ನ ಮಗನೇ ಹೇಳಿದ್ದಾನೆ. 1860ರ ಜುಲೈಯಿಂದ 1861ರ ಮೇವರೆಗಿನ ಸರಕಾರಿ ಲೆಕ್ಕದಲ್ಲಿ ರೀಡನ ಹೆಸರಿದೆ: ಅಚ್ಚುಗಳ ಕೆಳಗೆ ಬೆಂಕಿ ಆರದಂತೆ ನೋಡಿಕೊಂಡದ್ದಕ್ಕೆ 33 ಭಾನುವಾರಗಳಿಗೆ ದಿನಕ್ಕೆ ಒಂದೂಕಾಲು ಡಾಲರಿನಂತೆ 41 ಡಾಲರ್ 25 ಸೆಂಟು. ವಾರದ ಉಳಿದ ಆರು ದಿನಗಳ ಕೂಲಿ ಒಡೆಯನ ಕೈಸೇರಿತು. ಏಳನೆಯ ದಿನದ್ದು ಮಾತ್ರ ಅವನದ್ದು. ರಜೆ ಎಂದರೇನು ಎಂಬ ಪ್ರಶ್ನೆಗೆ ಇದಕ್ಕಿಂತ ಕಠೋರವಾದ ಉತ್ತರ ನಮಗೆ ಕಂಡಿಲ್ಲ. ಅವನ ಪಾಲಿಗೆ ರಜೆಯ ದಿನ ಎಂದರೆ ತನ್ನ ಸ್ವಂತಕ್ಕೆ ಬೆಂಕಿಯ ಮುಂದೆ ನಿಲ್ಲುವ ದಿನ.

ಕಾನೂನು ಬಂದ ಮೇಲೆ ಮಿಲ್ಸ್ ಅರ್ಜಿ ಹಾಕಿದ. ರೀಡ್ ಕುಳ್ಳ, ನೋಡಲು ಅಷ್ಟೇನೂ ಚೆಂದವಿಲ್ಲ, ಆದರೆ ಬುದ್ಧಿ ಚುರುಕು, ಎರಕದ ಕೆಲಸದಲ್ಲಿ ನುರಿತವ ಎಂಬ ಅರ್ಥದ ವಿವರಣೆ ಕೊಟ್ಟು 1,500 ಡಾಲರ್ ಕೇಳಿದ. ಸಿಕ್ಕಿದ್ದು 350 ಡಾಲರ್ 40 ಸೆಂಟು. 1863ರ ಡಿಸೆಂಬರ್ 2ರಂದು ಪ್ರತಿಮೆ ಗುಮ್ಮಟದ ಮೇಲೆ ಪೂರ್ತಿಯಾಗಿ ನಿಂತಾಗ ರೀಡ್ ಸ್ವತಂತ್ರ ಮನುಷ್ಯ. ಇಷ್ಟನ್ನೂ ಓದಿ ಮುಗಿಸಿದ ಮೇಲೆ, ಏಪ್ರಿಲ್ 16 ಯಾರ ದಿನ ಎಂಬ ಪ್ರಶ್ನೆ ಎದ್ದೇ ಏಳುತ್ತದೆ. ಸಹಿ ಹಾಕಿದವನದ್ದೇ? ರಸೀದಿ ಪಡೆದವನದ್ದೇ? ಬೆಂಕಿ ಕಾದವನದ್ದೇ?

ಅದೇ ಅರ್ಜಿಗಳ ರಾಶಿಯಲ್ಲಿ ಗೇಬ್ರಿಯಲ್ ಕೋಕ್ಲಿ ಎಂಬ ಕಪ್ಪು ಮನುಷ್ಯನ ಅರ್ಜಿಯೂ ಇದೆ. ಈತ ವಾಷಿಂಗ್ಟನ್‌ನ ಕಪ್ಪು ಕ್ಯಾಥೊಲಿಕ್ ಸಮುದಾಯದ ಮುಖಂಡ. ಹೆಂಡತಿ, ಮಕ್ಕಳನ್ನು ಬೇರೆಯವರ ಕೈಯಿಂದ ದುಡ್ಡು ಕೊಟ್ಟು ಬಿಡಿಸಿಕೊಂಡಿದ್ದ. ಕಾನೂನಿನ ಕಣ್ಣಿಗೆ ಅವರು ಅವನ ಗುಲಾಮರು. ಕಾನೂನು ಬಂದಾಗ ಅವನೂ ಒಡೆಯರ ಸಾಲಿನಲ್ಲಿ ನಿಂತು ಎಂಟು ಮಂದಿಯ ಹೆಸರು ಬರೆಸಿ 1,489 ಡಾಲರಿಗೂ ಸ್ವಲ್ಪ ಹೆಚ್ಚು ಪಡೆದ. ಒಂದು ಕೆಟ್ಟ ಕಾನೂನಿನ ಬಾಯಿಂದಲೇ ತನ್ನ ಬೆವರಿನ ದುಡ್ಡಿನಲ್ಲಿ ಒಂದಿಷ್ಟನ್ನು ಹೊರಗೆ ಕಕ್ಕಿಸಿದ ಈ ಜಾಣತನ ನಮಗೆ ಮೆಚ್ಚುಗೆಯಾಗುತ್ತದೆ. ತಂದೆಯೊಬ್ಬ ತನ್ನ ಮಕ್ಕಳ ಒಡೆಯನೆಂದು ಸರಕಾರದ ಮುಂದೆ ಹೇಳಬೇಕಾದ ಆ ಗಳಿಗೆಯ ಬಗ್ಗೆ ಯಾವ ಮೆರವಣಿಗೆಯ ಬ್ಯಾಂಡೂ ಏನನ್ನೂ ನುಡಿಸಲಾರದು.

ಈ ಕಥೆಯಲ್ಲಿ ಬಿಳಿಯ ಅಧ್ಯಕ್ಷನೊಬ್ಬನೇ ದಾತಾರ ಎಂದುಕೊಳ್ಳುವವರು ಇನ್ನೂ ಒಂದು ಅಂಕಿ ನೋಡಬೇಕು. 1860ರ ಜನಗಣತಿಯಂತೆ ಕೊಲಂಬಿಯಾ ಜಿಲ್ಲೆಯಲ್ಲಿ ಗುಲಾಮರಿದ್ದದ್ದು 3,185 ಮಂದಿ. ಸ್ವತಂತ್ರ ಕಪ್ಪು ಜನ 11,131. ಅಂದರೆ ಕಾನೂನು ಬರುವ ಮೊದಲೇ, ತಮ್ಮನ್ನು ತಾವೇ ಕೊಂಡುಕೊಂಡೋ, ಹೇಗೋ ಬಿಡಿಸಿಕೊಂಡೋ ಸ್ವತಂತ್ರರಾದವರು, ಹಾಗೆ ಸ್ವತಂತ್ರರಾದವರ ಮಕ್ಕಳು ಮೂರು ಪಟ್ಟಿಗೂ ಹೆಚ್ಚು. ಅವರಿಗಿಂತ ಬಹಳ ಮೊದಲಿನವನೊಬ್ಬನನ್ನು ನಮ್ಮ ಓದುಗರು ಅರಿಯಬೇಕು. ಯಾರೋ ಮಮೌಟ್ ಎಂದು ದಾಖಲೆಗಳಲ್ಲಿ ಕರೆಯಲ್ಪಟ್ಟ ಈತ ಪಶ್ಚಿಮ ಆಫ್ರಿಕದ ಫುಲಾನಿ ಮುಸ್ಲಿಂ; ಮಮೌಟ್ ಎಂಬುದು ಮಹಮೂದ್ ಎಂಬುದರ ಸವೆದ ರೂಪವಿರಬೇಕು. 1752ರಲ್ಲಿ ಗುಲಾಮರ ಹಡಗಿನಲ್ಲಿ ಮೇರಿಲ್ಯಾಂಡಿಗೆ ಬಂದವನು ಇಳಿವಯಸ್ಸಿನಲ್ಲಿ ಬಿಡುಗಡೆ ಪಡೆದು, 1800ರಲ್ಲಿ ಜಾರ್ಜ್‌ಟೌನಿನಲ್ಲಿ ಸ್ವಂತ ಜಾಗ ಕೊಂಡು ಮನೆ ಕಟ್ಟಿದ, ಬ್ಯಾಂಕಿನ ಷೇರು ಕೊಂಡ, ನಮಾಜು ಬಿಡಲಿಲ್ಲ. ಹೆಸರಾಂತ ಚಿತ್ರಕಾರ ಚಾರ್ಲ್ಸ್ ವಿಲ್ಸನ್ ಪೀಲ್ 1819ರಲ್ಲಿ ಅವನ ಚಿತ್ರ ಬರೆದಿದ್ದಾನೆ. ತಲೆಗೆ ನೇಯ್ದ ಟೋಪಿ, ಮುಖದಲ್ಲಿ ಮುಚ್ಚುಮರೆಯಿಲ್ಲದ ನಗು. 1823ರಲ್ಲಿ ತೀರಿಕೊಂಡ ಈ ಮನುಷ್ಯ ಲಿಂಕನ್‌ರ ಸಹಿಗಾಗಿ ಕಾದವನಲ್ಲ. 2015ರಲ್ಲಿ ನಗರದ ಪುರಾತತ್ವ ವಿಭಾಗದವರು ಅವನ ಜಾಗದಲ್ಲಿ ಉತ್ಖನನ ನಡೆಸಿದರು. ನಗರಾಡಳಿತವೊಂದು ನೆನಪನ್ನು ಕಾಯುವ ಬಗೆ ಹೀಗೂ ಇರಬಹುದು ಎಂಬುದಕ್ಕೆ ಇದನ್ನು ಹೇಳಿದೆವು.

ಈಗ ಹಬ್ಬದ ವಿಷಯಕ್ಕೆ ಬರೋಣ. ಈ ದಿನವನ್ನು 2005ರಲ್ಲಿ ಮೇಯರ್ ಹುಟ್ಟಿಸಲಿಲ್ಲ. 1866ರಿಂದ 1901ರವರೆಗೆ ಕಪ್ಪು ಜನ ತಾವಾಗಿಯೇ ಏಪ್ರಿಲ್ ತಿಂಗಳಲ್ಲಿ ದೊಡ್ಡ ಮೆರವಣಿಗೆ ತೆಗೆಯುತ್ತಿದ್ದರು. ಹಣದ, ಸಂಘಟನೆಯ ಕೊರತೆಯಿಂದ ಅದು ನಿಂತುಹೋಯಿತು. ನಿಲ್ಲುವ ಮೊದಲೇ ಅದರ ಒಳಗಿಂದ ಅತ್ಯಂತ ಕಟುವಾದ ವಿಮರ್ಶೆಯೂ ಬಂದಿತ್ತು. ಸ್ವತಃ ಗುಲಾಮಗಿರಿಯಿಂದ ಓಡಿಬಂದು ಮಹಾನ್ ವಾಗ್ಮಿಯಾದ ಫ್ರೆಡರಿಕ್ ಡಗ್ಲಾಸ್ 1888ರ ಏಪ್ರಿಲ್ 16ರ ಭಾಷಣದಲ್ಲಿ ಈ ವಿಮೋಚನೆಯನ್ನೇ ಒಂದು ಭಾರೀ ಮೋಸ ಎಂದು ಕರೆದರು. ದಕ್ಷಿಣದ ರಾಜ್ಯಗಳಲ್ಲಿ ಸಂಚರಿಸಿ, ಬಿಡುಗಡೆಯಾದವರು ಭೂಮಿಯಿಲ್ಲದೆ, ಕೂಲಿಗೆ ಬದಲಾಗಿ ಅಂಗಡಿಯ ಚೀಟಿ ಪಡೆದು, ಸಾಲದಲ್ಲಿ ಮುಳುಗಿ ಮತ್ತೆ ಅದೇ ಒಡೆಯರ ಕೈಗೆ ಸಿಕ್ಕಿಬಿದ್ದದ್ದನ್ನು ಅವರು ಕಂಡು ಬಂದಿದ್ದರು. ಹಬ್ಬದ ವೇದಿಕೆಯ ಮೇಲೆಯೇ ನಿಂತು ಹಬ್ಬದ ಕಾರಣವನ್ನು ಪ್ರಶ್ನಿಸುವ ಧೈರ್ಯ ಅದು. ಇಂದಿನ ನಮ್ಮ ಉತ್ಸವಗಳಲ್ಲಿ ಅಂಥ ಒಂದು ಭಾಷಣಕ್ಕೆ ಜಾಗವಿದೆಯೇ?

ಡಗ್ಲಾಸ್‌ರ ಇನ್ನೊಂದು ಆಕ್ಷೇಪವೂ ನೆನಪಿಡತಕ್ಕದ್ದು. ಅದೇ ನಗರದ ಲಿಂಕನ್ ಪಾರ್ಕಿನಲ್ಲಿ 1876ರಲ್ಲಿ ವಿಮೋಚನೆಯ ಸ್ಮಾರಕವೊಂದು ಎದ್ದಿತು. ಅದಕ್ಕೆ ಮೊದಲ ಐದು ಡಾಲರ್ ಕೊಟ್ಟವಳು ಗುಲಾಮಳಾಗಿದ್ದ ಷಾರ್ಲೆಟ್ ಸ್ಕಾಟ್. ಮುಂದಿನ ಹಣವೂ ಬಿಡುಗಡೆಯಾದವರ ಕಿಸೆಯಿಂದಲೇ ಬಂತು. ಆದರೆ ಪ್ರತಿಮೆ ಹೇಗಿರಬೇಕೆಂದು ಅವರನ್ನು ಯಾರೂ ಕೇಳಲಿಲ್ಲ. ಲಿಂಕನ್ ಎದ್ದು ನಿಂತಿದ್ದಾರೆ. ಅವರ ಮುಂದೆ ಕಪ್ಪು ಮನುಷ್ಯ ಮೊಣಕಾಲೂರಿ ಕೂತಿದ್ದಾನೆ. ಡಗ್ಲಾಸ್ ಉದ್ಘಾಟನೆಯ ಭಾಷಣ ಮಾಡಿ, ಕೆಲವೇ ದಿನಗಳಲ್ಲಿ ಪತ್ರಿಕೆಯೊಂದಕ್ಕೆ ಪತ್ರ ಬರೆದು, ಕಪ್ಪು ಮನುಷ್ಯ ಎದ್ದು ನಿಂತದ್ದನ್ನು ಸಾಯುವ ಮೊದಲು ನೋಡಬೇಕೆಂಬ ಆಸೆ ತೋಡಿಕೊಂಡರು. ಮರೆತುಹೋಗಿದ್ದ ಆ ಪತ್ರ ಮತ್ತೆ ಬೆಳಕಿಗೆ ಬಂದದ್ದು 2020ರಲ್ಲಿ, ಆ ಪ್ರತಿಮೆಯ ವಿರುದ್ಧ ಪ್ರತಿಭಟನೆ ನಡೆದಾಗ. ಬೋಸ್ಟನ್ ನಗರದವರು ತಮ್ಮಲ್ಲಿದ್ದ ಅದರ ಪ್ರತಿರೂಪವನ್ನು ಅದೇ ವರ್ಷದ ಡಿಸೆಂಬರಿನಲ್ಲಿ ತೆಗೆದರು. ವಾಷಿಂಗ್ಟನ್‌ನದ್ದು ಇದ್ದಲ್ಲೇ ಇದೆ. ದುಡ್ಡು ಕೊಟ್ಟವರು ಮಂಡಿಯೂರಿ, ದುಡ್ಡು ಪಡೆದವರ ಕಾನೂನಿಗೆ ಸಹಿ ಹಾಕಿದವರು ನಿಂತು.

ಮರೆತ ಹಬ್ಬವನ್ನು ಮತ್ತೆ ಎಬ್ಬಿಸಿದವರೂ ಅಧಿಕಾರಿಗಳಲ್ಲ. 1990ರ ದಶಕದಲ್ಲಿ ಲೊರೆಟ್ಟಾ ಕಾರ್ಟರ್ ಹೇನ್ಸ್ ಎಂಬ ನಗರವಾಸಿ ಮಹಿಳೆ ಮೂಲ ಕಾನೂನಿನ ಕಾಗದವನ್ನು ಹುಡುಕಿಕೊಂಡು ಹೋಗಿ, ವರ್ಷವರ್ಷವೂ ನೆನಪಿನ ಕಾರ್ಯಕ್ರಮ ನಡೆಸಿ, ಕಂಡಕಂಡವರ ಬಾಗಿಲು ತಟ್ಟಿದರು. ನಗರ ಮಂಡಳಿಯ ಸದಸ್ಯ ವಿನ್ಸೆಂಟ್ ಆರೆಂಜ್ ಮಸೂದೆ ತಂದರು. 2002ರಲ್ಲಿ ಮೆರವಣಿಗೆ ಮತ್ತೆ ಹೊರಟಿತು. ಮೂರು ವರ್ಷಗಳ ನಂತರ ರಜೆ ಬಂತು. ಹೀಗಾಗಿ ಸರಕಾರ ರಜೆ ಕೊಟ್ಟಿತು ಎಂಬ ಮಾತೇ ಅರ್ಧ ಸತ್ಯ. ಜನ ಕಾಪಾಡಿದ ತಾರೀಖನ್ನು ಸರಕಾರ ತಡವಾಗಿ ಒಪ್ಪಿಕೊಂಡಿತು ಎನ್ನುವುದು ಸರಿ.

ಒಪ್ಪಿಕೊಂಡ ಮೇಲೆ ಆದದ್ದೇನು? ಅಮೆರಿಕದಲ್ಲಿ ಆದಾಯ ತೆರಿಗೆಯ ಲೆಕ್ಕ ಸಲ್ಲಿಸಲು ಕೊನೆಯ ದಿನ ಏಪ್ರಿಲ್ 15. ರಾಜಧಾನಿಯ ರಜೆಯನ್ನು ತೆರಿಗೆ ಕಾನೂನು ಲೆಕ್ಕಕ್ಕೆ ಹಿಡಿಯುವುದರಿಂದ ಕೆಲವು ವರ್ಷ ಈ ಗಡುವು ಮುಂದಕ್ಕೆ ಹೋಗುತ್ತದೆ. 2007ರಲ್ಲಿ 17ಕ್ಕೆ ಹೋಯಿತು, 2022ರಲ್ಲಿ 18ಕ್ಕೆ. ಹೀಗೆ ಇಡೀ ದೇಶದ ಲಕ್ಷಾಂತರ ಮಂದಿಗೆ ವಿಮೋಚನಾ ದಿನ ಎಂದರೆ ತೆರಿಗೆ ಕಟ್ಟಲು ಸಿಕ್ಕ ಎರಡು ದಿನಗಳ ಬಿಡುವು! ನಗುವ ಮೊದಲು ಇನ್ನೊಂದು ಮಾತು. ಇದೇ ನಗರದ ಸುಮಾರು ಏಳು ಲಕ್ಷ ನಿವಾಸಿಗಳು ಆ ತೆರಿಗೆಯನ್ನು ಪೂರ್ತಿ ಕಟ್ಟುತ್ತಾರೆ. ಆದರೆ ಕಾಂಗ್ರೆಸ್ಸಿನ ಎರಡೂ ಸದನಗಳಲ್ಲಿ ಅವರ ಪರವಾಗಿ ಮತ ಹಾಕುವ ಒಬ್ಬ ಸದಸ್ಯನೂ ಇಲ್ಲ. ನಗರ ಮಂಡಳಿ ಮಾಡಿದ ಕಾನೂನನ್ನು ಕಾಂಗ್ರೆಸ್ ತಳ್ಳಿಹಾಕಬಹುದು. 2020ರಲ್ಲಿ ಶ್ವೇತಭವನದ ಎದುರಿನ ರಸ್ತೆಯ ಮೇಲೆ ಕಪ್ಪು ಜೀವಗಳಿಗೂ ಬೆಲೆಯಿದೆ ಎಂದು ನಗರಾಡಳಿತ ಬರೆಸಿದ ಹಳದಿ ಅಕ್ಷರಗಳನ್ನು, ಮೇಲಿನ ಒತ್ತಡಕ್ಕೆ ಮಣಿದು, 2025ರ ಮಾರ್ಚಿನಲ್ಲಿ ಅದೇ ನಗರಾಡಳಿತ ಅಗೆದು ತೆಗೆಸಬೇಕಾಯಿತು. ತನ್ನ ರಸ್ತೆಯ ಮೇಲಿನ ಅಕ್ಷರವನ್ನೇ ಉಳಿಸಿಕೊಳ್ಳಲಾಗದ ಆಡಳಿತ ಬಿಡುಗಡೆಯ ಹಬ್ಬ ಮಾಡುತ್ತಿದೆ. ಆ ನಗರದವರು ಏಪ್ರಿಲ್ 16ರ ಮೆರವಣಿಗೆಯಲ್ಲಿ ತಮಗೆ ರಾಜ್ಯದ ಸ್ಥಾನಮಾನ ಬೇಕೆಂದು ಕೇಳುವುದರ ಹಿನ್ನೆಲೆ ಇದು. ಆ ರಜೆಗೆ ಜೀವವಿರುವುದೂ ಅಲ್ಲೇ ಎಂಬುದು ನಮ್ಮ ಅಭಿಪ್ರಾಯ.

ಹಾಗಾದರೆ ಒಡೆಯರಿಗೆ ದುಡ್ಡು ಕೊಟ್ಟ ಕಾನೂನಿನ ದಿನವನ್ನು ಆಚರಿಸುವುದೇ ತಪ್ಪೇ? ಅಂದು ಬೇರೆ ದಾರಿ ಇರಲಿಲ್ಲ, ಯುದ್ಧದ ನಡುವೆ ಆದದ್ದೇ ದೊಡ್ಡದು ಎನ್ನುವವರಿದ್ದಾರೆ. ಆ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ. 3,100 ಮಂದಿಗೆ ಮರುದಿನ ಬೆಳಗ್ಗೆ ತಮ್ಮ ಮಕ್ಕಳನ್ನು ಯಾರೂ ಮಾರಲಾರರು ಎಂಬ ಭರವಸೆ ಸಿಕ್ಕಿತು. ಅದರ ಮುಂದೆ ನಮ್ಮ ತರ್ಕವೆಲ್ಲ ಚಿಕ್ಕದು. ನಮ್ಮ ತಕರಾರು ದಿನದ ಬಗ್ಗೆ ಅಲ್ಲ, ಅರ್ಧ ಓದಿನ ಬಗ್ಗೆ. ಪರಿಹಾರ ಯಾರಿಗೆ ಎಂಬ ಪ್ರಶ್ನೆಯನ್ನು ಬಿಟ್ಟು ಬಿಡುಗಡೆಯನ್ನು ನೆನೆದರೆ, ಆ ನೆನಪು ಒಡೆಯನ ಔದಾರ್ಯದ ಕಥೆಯಾಗಿಬಿಡುತ್ತದೆ.

ಈ ಪ್ರಶ್ನೆ ವಾಷಿಂಗ್ಟನ್‌ನಲ್ಲೇ ನಿಲ್ಲುವುದಿಲ್ಲ. 1833ರಲ್ಲಿ ಬ್ರಿಟನ್ ತನ್ನ ವಸಾಹತುಗಳಲ್ಲಿ ಗುಲಾಮಗಿರಿ ರದ್ದು ಮಾಡಿದಾಗ ಒಡೆಯರಿಗೆ ಕೊಟ್ಟದ್ದು ಎರಡು ಕೋಟಿ ಪೌಂಡ್. ಅದಕ್ಕಾಗಿ ಎತ್ತಿದ ಸಾಲ ಪೂರ್ತಿ ತೀರಿದ್ದು 2015ರಲ್ಲಿ. ಆ ಕಾನೂನು ಈಸ್ಟ್ ಇಂಡಿಯಾ ಕಂಪನಿಯ ನೆಲವನ್ನು ಹೊರಗಿಟ್ಟಿತು. ನಮ್ಮವರಿಗಾಗಿ ಬಂದದ್ದು 1843ರ ಐದನೇ ಕಾಯಿದೆ. ಅದು ಗುಲಾಮರ ಮೇಲಿನ ಹಕ್ಕನ್ನು ಕೋರ್ಟು ಮಾನ್ಯ ಮಾಡುವುದಿಲ್ಲ ಎಂದಷ್ಟೇ ಹೇಳಿತು. ಕರಾವಳಿಯ ಮೂಲದಾಳಿನ ಬಾಗಿಲಿಗೆ ಆ ಸುದ್ದಿಯನ್ನು ತರಲು ಯಾವ ಜನರಲ್ಲನೂ ಬರಲಿಲ್ಲ. ತೊಂಬತ್ತು ವರ್ಷಗಳ ನಂತರ, 1933ರಲ್ಲಿ ಶಿವರಾಮ ಕಾರಂತರು ಚೋಮನ ದುಡಿ ಬರೆದಾಗ ಚೋಮ ಇನ್ನೂ ಒಡೆಯರ ಆಳು. ತೋಟದ ಸಾಲ ಅವನ ಮಕ್ಕಳ ಕುತ್ತಿಗೆಯ ಮೇಲೆ. ಡಗ್ಲಾಸ್ 1888ರಲ್ಲಿ ಕಂಡದ್ದನ್ನೇ ಕಾರಂತರು ಪುತ್ತೂರಿನ ಸೀಮೆಯಲ್ಲಿ ಕಂಡಿದ್ದರು: ಭೂಮಿ ಇಲ್ಲದವನ ಬಿಡುಗಡೆ ಸಾಲದ ಬಾಗಿಲಿನಿಂದ ಹಿಂದಕ್ಕೆ ಹೋಗುತ್ತದೆ.

ಆದರೆ ನಮ್ಮ 1976ರ ಜೀತ ಪದ್ಧತಿ ರದ್ದತಿ ಕಾಯಿದೆಯಲ್ಲಿ ಲಿಂಕನ್‌ರ ಕಾನೂನಿನಲ್ಲಿಲ್ಲದ ಒಂದು ನ್ಯಾಯವಿದೆ. ಫೆಬ್ರವರಿ 9ರಂದು ರಾಷ್ಟ್ರಪತಿಗಳ ಅಂಕಿತ ಪಡೆದ ಆ ಕಾಯಿದೆ ಒಡೆಯನಿಗೆ ಒಂದು ಪೈಸೆಯನ್ನೂ ಕೊಡಲಿಲ್ಲ. ಜೀತದ ಸಾಲವೇ ಇಲ್ಲವೆಂದಿತು. ಒತ್ತೆ ಇಟ್ಟದ್ದನ್ನು ಹಿಂದಿರುಗಿಸಬೇಕೆಂದಿತು. ಬಿಡುಗಡೆಯಾದವನನ್ನು ಅವನ ಗುಡಿಸಲಿನಿಂದ ಎಬ್ಬಿಸಬಾರದೆಂದಿತು. ಹೊರಟುಹೋದರೆ ದುಡ್ಡು ಎಂದ ಕಾನೂನಿಗೂ, ಇದ್ದಲ್ಲೇ ಇರುವುದು ನಿನ್ನ ಹಕ್ಕು ಎಂದ ಕಾನೂನಿಗೂ ಎಷ್ಟು ಅಂತರ! ಜಾರಿ ಎಷ್ಟಾಯಿತು ಎನ್ನುವುದು ಬೇರೆಯದೇ ದುಃಖದ ಕಥೆ. ಆದರೂ ನಮ್ಮ ಯಾವ ಗೋಡೆ ಕ್ಯಾಲೆಂಡರಿನಲ್ಲೂ ಫೆಬ್ರವರಿ 9 ಕೆಂಪು ಅಂಕಿಯಲ್ಲಿ ಅಚ್ಚಾದದ್ದನ್ನು ನಾವು ಕಂಡಿಲ್ಲ. ಅರ್ಧ ನ್ಯಾಯದ ಕಾನೂನಿಗೆ ಅವರಲ್ಲಿ ಹಬ್ಬವಿದೆ. ಅದಕ್ಕಿಂತ ಮಿಗಿಲಾದ ನ್ಯಾಯದ ಕಾನೂನಿಗೆ ನಮ್ಮಲ್ಲಿ ನೆನಪೂ ಇಲ್ಲ.

ಇದರ ಹಿಂದೆ ಭಾಷೆಯ ಒಂದು ಜಾಣತನವೂ ಇರಬಹುದು. ಅರಬಿಯಲ್ಲಿ ಗುಲಾಮ್ ಎಂದರೆ ಮೂಲತಃ ಹುಡುಗ. ದುಡಿಸಿಕೊಳ್ಳುವವನ ಬಾಯಲ್ಲಿ ಹುಡುಗ ಎಂದೂ ದೊಡ್ಡವನಾಗದೆ ಆಳಾಗಿಯೇ ಉಳಿದ. ಅದೇ ಪದವನ್ನು ಭಕ್ತಿಯಿಂದ ನಮ್ಮ ಮಕ್ಕಳ ಹೆಸರಿಗೆ ಸೇರಿಸಿದೆವು. ಕನ್ನಡದ ದಾಸ ಎಂಬ ಪದಕ್ಕೂ ಅದೇ ಗತಿ. ಹರಿಯ ಮುಂದೆ ಅದು ಬಿರುದು, ಗೌಡರ ಹಟ್ಟಿಯಲ್ಲಿ ಅದು ಬಂಧನ. ದೇವರ ಮುಂದೆ ತಲೆಬಾಗುವ ಪದದ ಮರೆಯಲ್ಲಿ ಮನುಷ್ಯನ ಮುಂದೆ ಬಾಗಿಸಿದ್ದನ್ನು ನಮ್ಮ ಎರಡೂ ನುಡಿಗಳು ಎಷ್ಟೋ ಕಾಲ ಮುಚ್ಚಿಟ್ಟವು.

ಆದ್ದರಿಂದ ವಾಷಿಂಗ್ಟನ್ ನಗರದ ರಜೆಯನ್ನು ನಾವು ತಳ್ಳಿಹಾಕುವುದಿಲ್ಲ, ಹೊಗಳುವುದೂ ಇಲ್ಲ. ಆ ದಿನ ಲಿಂಕನ್‌ರ ಸಹಿಯ ಪ್ರತಿಯನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ತೋರಿಸುವ ಜೊತೆಗೆ ಆ ಅರ್ಜಿಗಳನ್ನೂ ಗಟ್ಟಿಯಾಗಿ ಓದಲಿ. ಬೆಲೆಯನ್ನು ಬಿಟ್ಟು ಹೆಸರನ್ನಷ್ಟೇ ಅಲ್ಲ, ಬೆಲೆಯನ್ನೂ ಸೇರಿಸಿಯೇ ಓದಲಿ. ಫಿಲಿಪ್ ರೀಡ್, ಒಡೆಯ ಕೇಳಿದ್ದು 1,500, ಸರಕಾರ ಕೊಟ್ಟದ್ದು 350 ಡಾಲರ್ 40 ಸೆಂಟು, ರೀಡನ ಕೈಗೆ ಏನೂ ಇಲ್ಲ. ಹೀಗೆ ಮೂರು ಸಾವಿರ ಹೆಸರು ಓದಿ ಮುಗಿಸಲು ಒಂದು ದಿನ ಬೇಕಾಗುತ್ತದೆ. ಒಂದು ದಿನದ ರಜೆ ಸರಿಹೋಗುವುದು ಅಂಥ ಕೆಲಸಕ್ಕೇ.